ಅರ್ಜೆಂಟ್ ಲೋಡಿಗೆ ಇಳಿಯೋ ಮುಂಚೆ

ಪ್ರೆಸ್ಸು ಮುಚ್ಚಿಹೋಯ್ತು. ಅಲ್ಲಿ ಕೆಲಸಕ್ಕಿದ್ದವನನ್ನು ಬೀದಿಯವರು ಮಾತ್ರ ಇನ್ನೂ ಪ್ರೆಸ್ಸಣ್ಣ ಅಂತಲೇ ಕರೀತಿದ್ದರು. ಅಚ್ಚಾದ ಕರಪತ್ರ, ಬಿಲ್ ಪುಸ್ತಕಗಳನ್ನು ಪ್ರೆಸ್ಸಿನ ಪುಟ್ಟ ಮೂರು ಚಕ್ರದ ಗಾಡಿಯಲ್ಲಿ ಊರೊಳಗಿನ ಅಂಗಡಿಗಳಿಗೆ ಮುಟ್ಟಿಸೋದು ಅವನ ಕೆಲಸವಾಗಿತ್ತು. ಊರು ದಾಟಿ ಗಾಡಿ ಓಡಿಸಿದವನಲ್ಲ. ಮಾಲೀಕರು ಕೊನೆಗೆ ಕೊಟ್ಟ ದುಡ್ಡು ಬ್ಯಾಂಕಿನಲ್ಲಿತ್ತು. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿದು ಸಂಸಾರ ತೂಗಿಸ್ತಿದ್ದಳು.

ಡ್ರೈವಿಂಗ್ ಬರುತ್ತಲ್ಲ, ಅರ್ಜೆಂಟ್ ಲೋಡ್ ಹೊಡಿ ಅಂತ ಯಾರೋ ಅಂದರು. ಅಲ್ಲಿಂದ ಶುರುವಾಯ್ತು ನೋಡಿ. ಹೆಂಡತಿಯ ಅಣ್ಣ, ತಗೊಳ್ಳೋದಾದರೆ ದೊಡ್ಡ ಲಾರಿಯನ್ನೇ ತಗೋ, ಸಣ್ಣದರಲ್ಲಿ ಏನೂ ಗಿಟ್ಟಲ್ಲ ಅಂದ. ಗ್ಯಾರೇಜಿನವನು ಹಳೇ ವ್ಯಾನೇ ಸಾಕು ಅಂದ. ಅಂಥದ್ದು ತನ್ನ ಹತ್ತಿರವೇ ಒಂದಿದೆ ಅಂತಲೂ ಸೇರಿಸಿದ. ಫೋನಿನಲ್ಲಿ ಸಿಕ್ಕ ಒಬ್ಬ ಏಜೆಂಟ್, ಮುಂಗಡ ಕಟ್ಟಿದರೆ ಕಂತಿನ ಮೇಲೆ ಹೊಸ ವ್ಯಾನ್ ಮನೆಗೆ ಬರುತ್ತೆ, ದಿನಾ ಲೋಡ್ ಕೊಡೋದು ನಮ್ಮ ಜವಾಬ್ದಾರಿ ಅಂದ. ಲೋಡ್ ಇಲ್ಲದ ದಿನ ಕಂತಿನ ಗತಿ ಏನು ಅಂತ ಕೇಳಿದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದ.

ಪ್ರೆಸ್ಸಣ್ಣ ಬೆಳಿಗ್ಗೆ ಲಾರಿ ಅಂತಿದ್ದ, ಮಧ್ಯಾಹ್ನ ವ್ಯಾನ್ ಅಂತಿದ್ದ, ಸಂಜೆಗೆ ಯಾವುದೂ ಬೇಡ ಅಂತಿದ್ದ. ಯೋಚಿಸಿ ಯೋಚಿಸಿ ಸಾಕಾಗಿ, ಕೊನೆಗೊಂದು ದಿನ ಏಜೆಂಟನಿಗೆ ಮುಂಗಡ ಕಟ್ಟಿಬಿಡ್ತೀನಿ ಅಂತ ಚಪ್ಪಲಿ ಮೆಟ್ಟಿದ.

ಹೆಂಡತಿ ಹೊಲಿಗೆ ಮಷಿನ್ ನಿಲ್ಲಿಸಿದಳು. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತಿದ್ದೀರಿ ರೀ. ಅರ್ಜೆಂಟ್ ಲೋಡ್ ಅಂದ್ರೆ ಏನು? ನನಗೆ ಹೇಳಿ ನೋಡೋಣ."

"ಬೇಗ ಹೋಗೋದು," ಅಂದ.

ಅವಳು ಅವನನ್ನು ಸೀದಾ ಹಿಂದಿನ ಬೀದಿಯ ವ್ಯಾನಕ್ಕನ ಮನೆಗೆ ಕರಕೊಂಡು ಹೋದಳು. ವ್ಯಾನಕ್ಕ ಬಹಳ ವರ್ಷದಿಂದ ಅರ್ಜೆಂಟ್ ಲೋಡ್ ಹೊಡೀತಿದ್ದ ಹೆಂಗಸು. ಮೊದಲು ಇನ್ನೊಬ್ಬರ ಗಾಡಿಗೆ ಡ್ರೈವರ್ ಆಗಿದ್ದು, ಆಮೇಲೆ ಸ್ವಂತದ್ದು ಮಾಡಿಕೊಂಡವಳು. ಇವರು ಹೋದಾಗ ವ್ಯಾನ್ ತೊಳೀತಿದ್ದಳು. ಎಲ್ಲ ಕೇಳಿ, ತಗೋ ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಲೋಡ್ ಇಳಿಸಿ ಖಾಲಿ ವಾಪಸ್ ಬರೋ ಡೀಸೆಲ್ ಯಾರದು, ಬಾಡಿಗೆ ಕೈಗೆ ಬರೋದು ಯಾವಾಗ ಅಂತ ಕೇಳಿದಳು. ಪ್ರೆಸ್ಸಣ್ಣನಿಗೆ ಇದ್ದ ಗೊಂದಲ ಇನ್ನಷ್ಟಾಯ್ತು.

"ತಮ್ಮ, ನಾಳೆ ನನ್ನ ಜೊತೆ ಬಾ," ಅಂದಳು ವ್ಯಾನಕ್ಕ. "ಪಕ್ಕದ ಸೀಟಲ್ಲಿ ಕೂತುಕೋ. ದುಡ್ಡು ಆಮೇಲೆ ಕಟ್ಟುವೆಯಂತೆ."

ಮಾರನೇ ದಿನ ಇಬ್ಬರೂ ಒಂದು ಗೋದಾಮಿಗೆ ಹೋದರು. ದೂರದೂರಿನ ಕಾರ್ಖಾನೆಯೊಂದರಲ್ಲಿ ಯಂತ್ರ ಕೆಟ್ಟು ನಿಂತಿತ್ತು, ಅದರ ಬಿಡಿಭಾಗ ಇಲ್ಲಿತ್ತು. ಮಾಮೂಲಿ ಲಾರಿಗೆ ಹಾಕಿದರೆ ನಾಲ್ಕು ಗೋದಾಮು ಸುತ್ತಿ ಹೋಗುತ್ತೆ. ಆ ಒಂದೇ ಪೆಟ್ಟಿಗೆಯನ್ನು ಎಲ್ಲೂ ಇಳಿಸದೆ ನೇರ ಮುಟ್ಟಿಸೋದೇ ಅರ್ಜೆಂಟ್ ಲೋಡ್ ಅಂತ ವ್ಯಾನಕ್ಕ ಹೇಳಿದಳು. ಆದರೆ ಗೇಟಿನಲ್ಲಿ ಕಾಗದ ಸಿದ್ಧವಾಗಿರಲಿಲ್ಲ. ಅರ್ಜೆಂಟ್ ಅಂತಾರೆ, ಕಾಯಿಸ್ತಾರೆ, ಇದೆಂಥ ಲೆಕ್ಕ ಅಂತ ಪ್ರೆಸ್ಸಣ್ಣ ಗಡಿಯಾರ ನೋಡಿದ್ದೇ ನೋಡಿದ್ದು. ಕೊನೆಗೆ ಪೆಟ್ಟಿಗೆ ಬಂತು, ಅದರ ಒಂದು ಮೂಲೆ ಜಜ್ಜಿತ್ತು. ವ್ಯಾನಕ್ಕ ಫೋಟೋ ತೆಗೆದು, ಗೋದಾಮಿನವನ ಜೊತೆ ವಾದ ಮಾಡಿ, ಜಜ್ಜಿದ್ದನ್ನು ಅವನ ಕೈಲೇ ಬರೆಸಿಕೊಂಡ ಮೇಲೇ ಗಾಡಿ ಎತ್ತಿದ್ದು. ಇಷ್ಟಕ್ಕೆಲ್ಲ ಜಗಳವೇ ಅಂತ ಪ್ರೆಸ್ಸಣ್ಣನಿಗೆ ಮುಜುಗರವಾಯ್ತು.

ದಾರಿಯಲ್ಲಿ ಎಲ್ಲ ಗಾಡಿಗಳೂ ಇವರನ್ನು ಹಿಂದೆ ಹಾಕಿ ಹೋಗ್ತಿದ್ದವು. ಅರ್ಧ ದಾರಿಯಲ್ಲಿ ವ್ಯಾನಕ್ಕ ಪೆಟ್ರೋಲ್ ಬಂಕಿನ ಪಕ್ಕ ಗಾಡಿ ನಿಲ್ಲಿಸಿ ಕಾರ್ಖಾನೆಗೆ ಫೋನ್ ಮಾಡಿದಳು. ಕಣ್ಣು ಎಳೀತಿದೆ, ಸ್ವಲ್ಪ ಮಲಗಿ ಹೊರಡ್ತೀನಿ, ಬರೋದು ತಡವಾಗುತ್ತೆ ಅಂದಳು.

ಪ್ರೆಸ್ಸಣ್ಣ ಗಾಬರಿಯಾದ. ಅಕ್ಕ, ನಾನು ಓಡಿಸ್ತೀನಿ ಅಂದ.

"ನಿನ್ನದು ಮೂರು ಚಕ್ರದ ಲೈಸೆನ್ಸ್, ಈ ಗಾಡಿಗೆ ನಡೆಯಲ್ಲ. ಏನಾದ್ರೂ ಆದ್ರೆ ಇನ್ಶೂರೆನ್ಸಿನವರು ತಿರುಗಿಯೂ ನೋಡಲ್ಲ," ಅಂದವಳೇ ಸೀಟು ಒರಗಿಸಿ ನಿದ್ದೆ ಹೋದಳು.

ಸ್ವಲ್ಪ ಹೊತ್ತಿಗೆ ಅವಳ ಫೋನ್ ಬಡಿದುಕೊಂಡಿತು. ಕಾರ್ಖಾನೆಯ ಮೇಸ್ತ್ರಿ. ಎಬ್ಬಿಸೋದೋ, ಹತ್ತಿರ ಬಂದುಬಿಟ್ವಿ ಅಂತ ಒಂದು ಸುಳ್ಳು ಬಿಡೋದೋ, ಪ್ರೆಸ್ಸಣ್ಣನಿಗೆ ತಿಳಿಯಲಿಲ್ಲ. ಫೋನ್ ಎತ್ತಿ ಇದ್ದದ್ದನ್ನೇ ಹೇಳಿದ: ಅವರು ಮಲಗಿದ್ದಾರೆ.

ಬೈಗುಳಕ್ಕೆ ಕಾಯ್ತಿದ್ದ. ಮೇಸ್ತ್ರಿ ಬೈಯಲಿಲ್ಲ.

"ಮಲಗಲಿ ಬಿಡಿ. ಹೊರಡುವಾಗ ಹೇಳಿ, ಫಿಟ್ಟರುಗಳನ್ನು ಆ ಹೊತ್ತಿಗೆ ಕರೆಸ್ತೀನಿ. ಹೋದ ಸಲ ಒಬ್ಬ 'ಬಂದೆ, ಬಂದೆ' ಅಂತಲೇ ನಮ್ಮನ್ನು ಸಂಜೆವರೆಗೂ ನಿಲ್ಲಿಸಿದ. ಅವನನ್ನು ಮತ್ತೆ ಕರೀಲಿಲ್ಲ."

ಇವರು ಮುಟ್ಟಿದಾಗ ಫಿಟ್ಟರುಗಳು ಗೇಟಿನಲ್ಲೇ ನಿಂತಿದ್ದರು. ಜಜ್ಜಿದ ಮೂಲೆ ನೋಡಿ ಒಬ್ಬ ಸಿಡುಕಿದ. ವ್ಯಾನಕ್ಕ ಗೋದಾಮಿನವನ ಬರಹ ತೋರಿಸಿದಳು, ಮಾತು ಅಲ್ಲಿಗೇ ನಿಂತಿತು. ಒಳಗಿನ ಸಾಮಾನು ಸರಿಯಾಗಿಯೇ ಇತ್ತು. ವಾಪಸ್ ಬರೋಕೆ ಲೋಡ್ ಸಿಗುತ್ತೇನೋ ಅಂತ ಲಾರಿ ಸ್ಟ್ಯಾಂಡಿನಲ್ಲಿ ಅರ್ಧ ದಿನ ಕಾದರು. ಸಿಗಲಿಲ್ಲ. ಖಾಲಿ ಗಾಡಿಯಲ್ಲೇ ಊರಿಗೆ ಬಂದರು. ಬಾಡಿಗೆ ಬರೋದಕ್ಕೆ ಇನ್ನೊಂದು ತಿಂಗಳಾದ್ರೂ ಬೇಕು, ಇದನ್ನು ನಿನ್ನ ಏಜೆಂಟ್ ಹೇಳಿರಲ್ಲ ಅಂದಳು ವ್ಯಾನಕ್ಕ.

ಮನೆಗೆ ಬಂದ ಗಂಡನನ್ನು ಹೆಂಡತಿ ಕೇಳಿದಳು, "ಒಳ್ಳೇ ಕೆಲಸವೋ, ಕೆಟ್ಟದ್ದೋ?"

"ಗೊತ್ತಾಗಲಿಲ್ಲ ಕಣೇ. ನನ್ನಿಂದ ಆಗೋ ಕೆಲಸ ಅನ್ನಿಸ್ತು. ಆದ್ರೆ ಗಾಡಿ ಈಗಲೇ ತಗೊಂಡರೆ ಮುಳುಗ್ತೀವಿ."

ಆಗ ಅವಳಿಗೆ ನಂಬಿಕೆ ಬಂತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಹೇಳೋ ಗಂಡನನ್ನು ರಸ್ತೆಗೆ ಕಳಿಸಬಹುದು ಅಂದುಕೊಂಡಳು. ಏಜೆಂಟ್ ಮತ್ತೆ ಫೋನ್ ಮಾಡಿದಾಗ ಅವಳೇ ಎತ್ತಿ, ದಿನಾ ಲೋಡ್ ಕೊಡ್ತೀವಿ ಅಂತ ಬರೆದುಕೊಡಿ ಅಂದಳು. ಅವನು ಮತ್ತೆ ಫೋನ್ ಮಾಡಲಿಲ್ಲ.

ಪ್ರೆಸ್ಸಣ್ಣ ಸರಿಯಾದ ಲೈಸೆನ್ಸ್ ಮಾಡಿಸಿದ. ವ್ಯಾನಕ್ಕನಿಗೆ ಗೊತ್ತಿದ್ದ ಮಾಲೀಕರೊಬ್ಬರ ವ್ಯಾನಿಗೆ ಸಂಬಳದ ಡ್ರೈವರ್ ಆದ. ಬ್ಯಾಂಕಿನ ದುಡ್ಡು ಬ್ಯಾಂಕಿನಲ್ಲೇ ಇದೆ. ಕೆಲವೊಮ್ಮೆ ಈಗಲೂ ಅವನಿಗೆ ದಾರಿ ತಪ್ಪುತ್ತೆ, ಕಾಗದ ಅರ್ಥವಾಗಲ್ಲ. ಗಾಡಿ ಪಕ್ಕಕ್ಕೆ ಹಾಕಿ ಯಾರನ್ನಾದರೂ ಕೇಳ್ತಾನೆ. ಸ್ವಂತ ಗಾಡಿಯ ಮಾತು ಬಂದರೆ ಗಂಡ ಹೆಂಡತಿ ಇಬ್ಬರೂ, ನೋಡೋಣ, ಇನ್ನೂ ಕಲೀತಿದ್ದೀವಿ ಅಂತಾರೆ.

ಅಣ್ಣಂದಿರೇ, ಅಕ್ಕಂದಿರೇ, ಈ ಕೆಲಸಕ್ಕೆ ಇಳಿಯಬೇಕು ಅನ್ನೋ ಆಸೆ ನಿಮಗೂ ಇರಬಹುದು. ತಲೆ ಗೊಂದಲವಾಗಿದ್ದರೆ ಅದು ತಪ್ಪಲ್ಲ, ಆದರೆ ಆ ಗೊಂದಲದಲ್ಲಿ ದುಡ್ಡು ಕಟ್ಟಬೇಡಿ, ಸಹಿ ಹಾಕಬೇಡಿ. ನಿಮ್ಮೂರಲ್ಲಿ ಈ ಕೆಲಸ ಮಾಡೋರು ಯಾರಾದರೂ ಇದ್ದೇ ಇರ್ತಾರೆ. ಮೊದಲು ಅವರ ಪಕ್ಕದ ಸೀಟಿನಲ್ಲಿ ಕೂತು ಒಂದು ಸಲ ಹೋಗಿ ಬನ್ನಿ. ಲೈಸೆನ್ಸ್, ಇನ್ಶೂರೆನ್ಸ್ ಸರಿ ಮಾಡಿಕೊಳ್ಳಿ. ನಿದ್ದೆ ಬಂದರೆ ನಿಲ್ಲಿಸಿ, ತಡವಾದರೆ ಹೇಳಿ. ಸಾಮಾನು ತಡವಾಗಿ ಮುಟ್ಟಿದರೆ ಕಾಯೋಕೆ ಜನ ಇದ್ದಾರೆ. ನೀವು ಮನೆಗೆ ಬರಲೇ ಇಲ್ಲ ಅಂದರೆ ಮನೆಯವರು ಯಾರಿಗೆ ಫೋನ್ ಮಾಡಬೇಕು?