ಹೆಡ್‌ಲೈಟಿಗೆ ಕಲಾಯಿ

ಯಾರಾದರೂ ಕಾರಿಗೆ ಹೊಸ ಬಲ್ಬು ಹಾಕಿಸುವ ಮಾತೆತ್ತಿದರೆ ನೀಲಾವತಿಗೆ ನವಸಾಗರ ಸುಟ್ಟ ಹೊಗೆಯ ವಾಸನೆ ನೆನಪಾಗುತ್ತದೆ. ಮೊನ್ನೆಯೂ ಹಾಗೇ ಆಯಿತು. ಅವಳು ಭೌತಶಾಸ್ತ್ರ ಕಲಿಸುವ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರೊಬ್ಬರು ಎಲ್ಲಿಂದಲೋ ತರಿಸಿದ ವಿದೇಶಿ ಹ್ಯಾಲೊಜನ್ ಬಲ್ಬನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದು, ಸ್ಟಾಫ್‌ರೂಮಿನಲ್ಲಿ ಎಲ್ಲರಿಗೂ ತೋರಿಸಿದರು. ಇನ್ನು ಖಂಡಾಲಾ ಘಾಟಿಯಲ್ಲೂ ಹಗಲಿನಂತೆ ಕಾಣುತ್ತದೆ ಎಂದು ಅವರ ಸಂಭ್ರಮ. "ಬಲ್ಬಿನ ಹಿಂದಿನ ಬಟ್ಟಲು ಹೇಗಿದೆ, ನೋಡಿದ್ದೀರಾ?" ಎಂದು ನೀಲಾವತಿ ಕೇಳಿದಳು. ಅವಳ ಮನಸ್ಸು ಆಗಲೇ ಮುಂಬಯಿಯ ಸಯನ್ನಿನ ಹೋಟೆಲೊಂದರ ಹಿತ್ತಲಿಗೆ ಹೋಗಿ ಕುಳಿತಿತ್ತು.

ಅದು ಅರವತ್ತೊಂಬತ್ತರ ಮಳೆಗಾಲ. ಅವಳ ಅಪ್ಪ ಕೊರಗ ಶೆಟ್ಟರು ಸಯನ್ ಸ್ಟೇಷನ್ನಿನ ಹತ್ತಿರ ದುರ್ಗಾ ವಿಲಾಸ ನಡೆಸುತ್ತಿದ್ದರು. ಅದರ ಜೊತೆಗೆ ಪವಾಯಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಹಾಸ್ಟೆಲೊಂದಕ್ಕೆ ಸಂಜೆಯ ತಿಂಡಿ ಒದಗಿಸುವ ಕಾಂಟ್ರಾಕ್ಟೂ ಇತ್ತು. ಇಡ್ಲಿಯ ಡಬ್ಬಗಳನ್ನೂ ಸಾಂಬಾರಿನ ಕೊಳಗವನ್ನೂ ಹಿಂದಿನ ಸೀಟಿಗೆ ಹಗ್ಗದಿಂದ ಕಟ್ಟಿ, ಪಾರಸಿ ಮುದುಕರೊಬ್ಬರಿಂದ ಕೊಂಡಿದ್ದ ಬೂದು ಬಣ್ಣದ ಹಿಲ್‌ಮನ್ ಕಾರನ್ನು ಶೆಟ್ಟರು ತಾವೇ ಓಡಿಸಿಕೊಂಡು ಹೋಗುತ್ತಿದ್ದರು. ಟೆಂಪೋ ಗೊತ್ತುಮಾಡಬಹುದಿತ್ತು, ಹೋಟೆಲಿನ ಹುಡುಗರನ್ನು ಕಳಿಸಬಹುದಿತ್ತು. ಆದರೆ ಆ ಒಂದು ಪ್ರಯಾಣವನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ.

ಎಂ.ಎಸ್ಸಿ. ಓದುತ್ತಿದ್ದ ನೀಲಾವತಿ ದಿನವೂ ಅಪ್ಪನ ಪಕ್ಕದಲ್ಲಿ ಕುಳಿತು ಹೋಗುತ್ತಿದ್ದಳು. ಅಪ್ಪ ತಿಂಡಿ ಬಡಿಸಿ ಮುಗಿಸುವಷ್ಟು ಹೊತ್ತು ಅಲ್ಲಿನ ಲೈಬ್ರರಿಯಲ್ಲಿ ಓದಲು ಪ್ರೊಫೆಸರೊಬ್ಬರು ಅನುಮತಿ ಕೊಡಿಸಿದ್ದರು. ಮನೆಯಲ್ಲಿ ಲೈಬ್ರರಿಯ ನೆಪ ಹೇಳುತ್ತಿದ್ದರೂ ಅವಳಿಗೆ ಬೇಕಾಗಿದ್ದದ್ದು ಆ ದಾರಿ. ಹೋಟೆಲಿನಲ್ಲಿ ಅಪ್ಪ ಎಲ್ಲರ ಶೆಟ್ರು. ಗಲ್ಲಾದ ಮುಂದೆ ನಿಂತ ಗಿರಾಕಿಯ, ಅಡುಗೆ ಭಟ್ಟರ, ಹಾಲಿನವನ ಸ್ವತ್ತು. ಕುರ್ಲಾ ದಾಟಿ ಆಗ್ರಾ ರಸ್ತೆ ಹಿಡಿದ ಮೇಲೆ ಮಾತ್ರ ಅವರು ಅವಳ ಅಪ್ಪ. ಆಗ ಅವರು ಯಕ್ಷಗಾನದ ಪದ ಗುನುಗುತ್ತಿದ್ದರು, ಊರಿನ ಹೊಳೆಯಲ್ಲಿ ತಾವು ಮುಳುಗಿ ಎದ್ದ ಕತೆಯನ್ನು ಪ್ರತಿಸಲವೂ ಹೊಳೆಯನ್ನು ಸ್ವಲ್ಪ ಅಗಲ ಮಾಡಿ ಹೇಳುತ್ತಿದ್ದರು.

ಆ ಕಾಲದ ಮುಂಬಯಿಯಲ್ಲಿ ಊರೊಳಗೆ ಹೆಡ್‌ಲೈಟು ಹಾಕುವವರು ಕಡಿಮೆ. ಬೀದಿದೀಪಗಳು ಸಾಕಾಗುತ್ತಿದ್ದವು, ಮುಂದಿನ ಪುಟ್ಟ ಪಾರ್ಕಿಂಗ್ ದೀಪ ಉರಿದರೆ ಆಯಿತು. ವಿಕ್ರೋಲಿಯಲ್ಲಿ ಪವಾಯಿಯ ಕಡೆಗೆ ತಿರುಗಿದ ಮೇಲೆ ಕಂಬಗಳು ವಿರಳವಾಗುತ್ತಿದ್ದವು, ಎರಡೂ ಕಡೆ ಮರ, ಆಚೆ ಎಲ್ಲೋ ಎಮ್ಮೆಗಳ ತಬೇಲ, ಕೆರೆಯ ಮೇಲಿನಿಂದ ಬರುವ ತಣ್ಣನೆ ಗಾಳಿ. ಅಲ್ಲಿ ಶೆಟ್ಟರು ಸ್ವಿಚ್ಚು ಒತ್ತುತ್ತಿದ್ದರು. ಒತ್ತಿದೊಡನೆ ಎರಡೂ ಕೈಗಳನ್ನು ಸ್ಟೀರಿಂಗಿನಿಂದ ತೆಗೆದು ಬೆಳಕಿಗೆ ನಮಸ್ಕಾರ ಮಾಡುತ್ತಿದ್ದರು. ಸಂಜೆ ದೀಪ ಹಚ್ಚಿದಾಗ ಕೈ ಮುಗಿಯುವುದು ಹುಟ್ಟಿನಿಂದ ಬಂದ ಅಭ್ಯಾಸ. ಅದು ಹಣತೆಯೋ ಹಿಲ್‌ಮನ್ನೋ ಎಂದು ಕೈಗಳು ವಿಚಾರಿಸುತ್ತಿರಲಿಲ್ಲ.

"ಅಪ್ಪಾ, ಸ್ಟೀರಿಂಗು!"

"ದೇವರಿಗೂ ಗೊತ್ತುಂಟು ಮಗಾ, ನಾನು ಡ್ರೈವ್ ಮಾಡ್ತಿದ್ದೇನೆ ಅಂತ."

ಆ ವರ್ಷ ಆಷಾಢದ ಒಂದು ಸಂಜೆ ಜಿಟಿಜಿಟಿ ಮಳೆಯಲ್ಲಿ, ತಬೇಲಕ್ಕೆ ಹುಲ್ಲು ಒಯ್ಯುತ್ತಿದ್ದ ಕೈಗಾಡಿಯೊಂದು ಶೆಟ್ಟರಿಗೆ ಕಾಣಲೇ ಇಲ್ಲ. ನೀಲಾವತಿ ಕೂಗಿದಳು. ಬ್ರೇಕು ಒತ್ತಿದ ರಭಸಕ್ಕೆ ಕಾರು ಹುಲ್ಲಿನ ಹೊರೆಗೆ ಮೂತಿ ಊರಿ ನಿಂತಿತು. ಗಾಡಿಯವನಿಗೆ ಏನೂ ಆಗಲಿಲ್ಲ. ಆದರೆ ಹಿಂದಿನ ಸೀಟಿನ ಹಗ್ಗ ಕಳಚಿ ಸಾಂಬಾರೆಲ್ಲ ಕಾರಿನೊಳಗೆ ಹರಿಯಿತು. ಅಂದು ಹಾಸ್ಟೆಲಿನ ಹುಡುಗರು ಬರಿಯ ಚಟ್ನಿಯಲ್ಲಿ ಇಡ್ಲಿ ತಿಂದರು.

ಮನೆಗೆ ಬಂದಾಗ ತಾಯಿ ರಾಜೀವಿ ಕಾರಿನ ಬಾಗಿಲು ತೆರೆದು ನೋಡಿ ಮೂಗು ಮುಚ್ಚಿಕೊಂಡಳು.

"ಇವತ್ತು ಹುಲ್ಲು. ನಾಳೆ ಮನುಷ್ಯ. ನವರಾತ್ರಿಯ ಒಳಗೆ ಒಂದೋ ನಿಮಗೆ ದಾರಿ ಸರಿಯಾಗಿ ಕಾಣ್ಬೇಕು, ಇಲ್ಲ ಈ ಕಾರು ಹೋಗ್ಬೇಕು. ಮಗಳನ್ನು ಕೂರಿಸಿಕೊಂಡು ಹೋಗುವ ಗಾಡಿ ಇದು, ಗೊತ್ತುಂಟಲ್ಲಾ?"

"ಬಲ್ಬು ಮಾರಾಯ್ತಿ, ಬಲ್ಬಿಗೆ ಶಕ್ತಿ ಇಲ್ಲ" ಎಂದರು ಶೆಟ್ಟರು.

ಗಲ್ಲಾ ನೋಡಿಕೊಳ್ಳುತ್ತಿದ್ದ ರಾಜೀವಿಯ ತಮ್ಮ ಚೆನ್ನಯ ಬಾಯಿ ಹಾಕಿದ: "ಭಾವಾ, ಆ ಕಾರಿನ ಮುಂದೆ ಒಬ್ಬ ಪೆಟ್ರೋಮ್ಯಾಕ್ಸ್ ಹೊತ್ತುಕೊಂಡು ಓಡಿದ್ರೆ ಸರಿಯಾದೀತು. ನಮ್ಮ ಊರಿನ ಮೇಳದ ಹಾಗೆ."

"ನೀನೇ ಓಡು. ಹೊಟ್ಟೆಯಾದ್ರೂ ಇಳಿದೀತು."

ಮರುದಿನವೇ ಶೆಟ್ಟರು ಆಪೆರಾ ಹೌಸಿನ ಕಡೆಯ ಕಾರು ಸಾಮಾನಿನ ಅಂಗಡಿಗೆ ಹೋಗಿ, ಅಂಗಡಿಯವನು ಕೊಟ್ಟ ಎಲ್ಲಕ್ಕಿಂತ ಜೋರು ಬಲ್ಬುಗಳನ್ನು ತಂದು ಹಾಕಿಸಿದರು. ಸಂಜೆ ಪವಾಯಿಯ ತಿರುವಿನಲ್ಲಿ ಸ್ವಿಚ್ಚು ಒತ್ತಿ, ಕೈ ಮುಗಿದು, ಮುಂದೆ ಬಾಗಿ ನೋಡಿದರು. ಬೆಳಕು ಹಳದಿಯಾಗಿ ಬಾನೆಟ್ಟಿನಿಂದ ನಾಲ್ಕು ಮಾರು ದೂರ ಹೋಗಿ ಸುಸ್ತಾಗಿ ಕುಳಿತಿತು.

ಭಾನುವಾರ ನೀಲಾವತಿ ಹೋಟೆಲಿನ ಹಿತ್ತಲಲ್ಲಿ ಹೆಡ್‌ಲೈಟಿನ ಗಾಜು ಬಿಚ್ಚಿ ನೋಡಿದಳು. ಬಲ್ಬಿನ ಹಿಂದಿದ್ದ ಹಿತ್ತಾಳೆಯ ಬಟ್ಟಲಿಗೆ ಒಂದು ಕಾಲದಲ್ಲಿ ಬೆಳ್ಳಿಯ ಲೇಪ ಇತ್ತು. ಸಮುದ್ರದ ಗಾಳಿ, ಮಳೆಗಾಲದ ತೇವ ಎರಡೂ ಸೇರಿ ಅದನ್ನು ಕಪ್ಪು ಮಾಡಿದ್ದವು. ಅಲ್ಲಲ್ಲಿ ಹಿತ್ತಾಳೆ ಇಣುಕುತ್ತಿತ್ತು. ಅವಳಿಗೆ ನಿಜವಾಗಿ ಖುಷಿಯಾಯಿತು. ಕಾರಣ ಸಿಕ್ಕಿತಲ್ಲ!

"ನೋಡಿ ಅಪ್ಪಾ, ಬಲ್ಬು ಎಲ್ಲ ದಿಕ್ಕಿಗೂ ಬೆಳಕು ಚೆಲ್ತದೆ. ಅದನ್ನು ಒಟ್ಟು ಮಾಡಿ ಮುಂದಕ್ಕೆ ಕಳಿಸುವುದು ಈ ಬಟ್ಟಲು. ಇದು ಕನ್ನಡಿಯ ಹಾಗೆ ಇರಬೇಕು. ಇದು ಕಪ್ಪಾದ್ರೆ ಎಷ್ಟು ದೊಡ್ಡ ಬಲ್ಬು ಹಾಕಿದ್ರೂ ಬೆಳಕೆಲ್ಲ ಇದೇ ನುಂಗ್ತದೆ."

ಶೆಟ್ಟರು ಬಟ್ಟಲನ್ನು ಕೈಯಲ್ಲಿ ಹಿಡಿದು, ಉಗುರಿನಿಂದ ಕೆರೆದು, ಒಳ್ಳೆಯ ಪಾತ್ರೆಯನ್ನು ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದರು. "ಹಾಗೆ ಹೇಳು! ಕಲಾಯಿ ಹೋಗಿದೆ ಇದಕ್ಕೆ!"

ಅವಳು ನಕ್ಕಳು. ಅಪ್ಪ ಉಪಮೆ ಕೊಡುತ್ತಿದ್ದಾರೆ ಎಂದುಕೊಂಡಳು. ಅಪ್ಪ ಉಪಮೆ ಕೊಡುವವರಲ್ಲ.

ದುರ್ಗಾ ವಿಲಾಸಕ್ಕೆ ತಿಂಗಳಿಗೊಮ್ಮೆ ಕಲಾಯಿವಾಲ ಬರುತ್ತಿದ್ದ. ಹಿತ್ತಲಲ್ಲಿ ಗುಂಡಿ ತೋಡಿ ಇದ್ದಲು ತುಂಬಿ, ತಿದಿ ಒತ್ತಿ, ಹಿತ್ತಾಳೆಯ ಕೊಳಗಗಳನ್ನು ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರವನ್ನು ಮುಟ್ಟಿಸಿ ಅರಳೆಯಿಂದ ಒಂದೇ ಸಲ ಒರೆಸಿದರೆ ಒಳಗೆಲ್ಲ ಬೆಳ್ಳಗೆ ಫಳಫಳ. ಮುಂದಿನ ಬುಧವಾರ ನೀಲಾವತಿ ಕಾಲೇಜಿನಿಂದ ಬಂದಾಗ ಹಿತ್ತಲೆಲ್ಲ ಬಿಳಿ ಹೊಗೆ. ಕೊಳಗ, ಪರಾತ, ಸೌಟುಗಳ ಸಾಲಿನ ಕೊನೆಯಲ್ಲಿ ಹಿಲ್‌ಮನ್ನಿನ ಎರಡು ಬಟ್ಟಲುಗಳು ಮಕಾಡೆ ಒಣಗುತ್ತಿದ್ದವು.

"ನೋಡಿದ್ಯಾ ಮಗಾ? ಒಂದು ರೂಪಾಯಿಯೂ ಹೆಚ್ಚು ಕೇಳ್ಲಿಲ್ಲ" ಎಂದರು ಶೆಟ್ಟರು. ಅವರ ಮುಖವೂ ಕಲಾಯಿ ಹಾಕಿದಂತೆ ಹೊಳೆಯುತ್ತಿತ್ತು.

ತವರ ಹೊಳೆಯುತ್ತದೆ, ಆದರೆ ಅರಳೆ ಒರೆಸಿದ ಗೀರುಗಳೆಲ್ಲ ಅದರಲ್ಲಿ ಉಳಿಯುತ್ತವೆ, ಅದು ಕನ್ನಡಿಯಾಗುವುದಿಲ್ಲ. ಇದನ್ನು ಹೇಳಲು ನೀಲಾವತಿ ಬಾಯಿ ತೆರೆದಳು, ಅಪ್ಪನ ಮುಖ ನೋಡಿ ಮುಚ್ಚಿದಳು.

ಆ ಸಂಜೆ ಶೆಟ್ಟರಿಗೆ ಪವಾಯಿಯವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಕುರ್ಲಾದಲ್ಲೇ ಸ್ವಿಚ್ಚು ಒತ್ತಿದರು. ಬೆಳಕು ಬಂತು, ಧಾರಾಳವಾಗಿಯೇ ಬಂತು. ಎಡಗಡೆಯ ಚಾಳಿನ ಎರಡನೆಯ ಮಹಡಿಗೆ ಹೋಯಿತು, ಬಲಗಡೆಯ ಸಿನಿಮಾ ಪೋಸ್ಟರಿಗೆ ಹೋಯಿತು, ಅರಳಿಮರದ ತುದಿಯಲ್ಲಿ ಮಲಗಿದ್ದ ಕಾಗೆಗಳನ್ನು ಎಬ್ಬಿಸಿತು. ರಸ್ತೆಯೊಂದನ್ನು ಬಿಟ್ಟು ಎಲ್ಲ ಕಂಡಿತು. ಮಹಡಿಯಲ್ಲಿ ಬನಿಯನ್ ಹಾಕಿಕೊಂಡು ನಿಂತವನೊಬ್ಬ ಕೈ ಅಡ್ಡ ಹಿಡಿದು ಬೈಯತೊಡಗಿದ. ಮುಂದಿನ ಚೌಕದಲ್ಲಿ ಹವಾಲ್ದಾರ ಕಾರು ನಿಲ್ಲಿಸಿ ಸುತ್ತ ಒಂದು ಪ್ರದಕ್ಷಿಣೆ ಬಂದ.

"ಕ್ಯಾ ಶೇಟ್, ಬಾರಾತ್ ನಿಕಾಲಾ ಕ್ಯಾ? ನವರಾ ಕುಠೆ ಆಹೆ?"

ಮದುವೆಯ ದಿಬ್ಬಣವೇ, ಮದುಮಗ ಎಲ್ಲಿ ಎಂದು ಕೇಳಿದವನಿಗೆ ಶೆಟ್ಟರು ಹಿಂದಿನ ಸೀಟಿನ ಸಾಂಬಾರಿನ ಕೊಳಗ ತೋರಿಸಿದರು. ಹವಾಲ್ದಾರನಿಗೆ ನಗು ತಡೆಯಲಾಗಲಿಲ್ಲ. ನಾಲ್ಕು ಇಡ್ಲಿ ತಿಂದು, ದೀಪ ಆರಿಸಿಕೊಂಡು ಹೋಗುವಂತೆ ಹೇಳಿ ಬಿಟ್ಟ. ಅಪ್ಪ ಮಗಳು ವಿಕ್ರೋಲಿಯವರೆಗೂ ನಕ್ಕರು. ಆಮೇಲೆ ಕತ್ತಲು ಶುರುವಾಯಿತು. ಶೆಟ್ಟರು ಮಾತು ನಿಲ್ಲಿಸಿ, ಎತ್ತಿನ ಗಾಡಿಯ ವೇಗದಲ್ಲಿ, ರಸ್ತೆಯ ಅಂಚನ್ನು ಟೈರಿನಿಂದ ತಡವುತ್ತ ಹೋದರು.

ಇನ್ನು ಇದನ್ನು ತಾನೇ ಸರಿಪಡಿಸಬೇಕು ಎಂದು ನೀಲಾವತಿ ನಿಶ್ಚಯಿಸಿದಳು. ನವರಾತ್ರಿ ಹತ್ತಿರ ಬರುತ್ತಿತ್ತು. ಕಾರು ಹೋದರೆ ಟೆಂಪೋ ಬರುತ್ತದೆ, ತಿಂಡಿ ಹೇಗೂ ತಲುಪುತ್ತದೆ. ಆದರೆ ಅಪ್ಪ ಹೊತ್ತು ಮುಳುಗುವಾಗ ಗಲ್ಲಾದ ಹಿಂದೆ ಕುಳಿತಿರುತ್ತಾರೆ, ಅವರ ಹೊಳೆ ಅಲ್ಲಿಗೇ ಬತ್ತುತ್ತದೆ. ಕುರ್ಲಾದಲ್ಲಿ ಪಂದ್ಯಗಳ ಕಪ್ಪುಗಳಿಗೆ ಬೆಳ್ಳಿ ಲೇಪ ಹಾಕುವ ಸಣ್ಣ ಕಾರ್ಖಾನೆಯೊಂದಿತ್ತು. ಅಲ್ಲಿ ತವರವನ್ನು ಕಳಚಿಸಿ, ಹಿತ್ತಾಳೆಗೆ ನುಣ್ಣಗೆ ಪಾಲಿಶ್ ಮಾಡಿಸಿ, ಮೇಲೆ ಬೆಳ್ಳಿ ಹಾಕಿಸಿದಳು. ಬಟ್ಟಲಿನಲ್ಲಿ ಅವಳ ಮುಖ ತಲೆಕೆಳಗಾಗಿ, ಹುಬ್ಬಿನ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟವಾಗಿ ಕಂಡಿತು. ಕಾರಿಗೆ ಸರಿಯಾಗಿ ಹೊಂದುವ ಬಲ್ಬು ಹುಡುಕಿ ತಂದಳು. ಮುಸ್ಸಂಜೆಗೆ ಹೋಟೆಲಿನ ಹಿಂದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಕಾರನ್ನು ಎದುರು ನಿಲ್ಲಿಸಿ, ಎರಡೂ ಬೆಳಕಿನ ವೃತ್ತಗಳು ಗೆರೆಯ ಕೆಳಗೆ ಸಮನಾಗಿ ಬೀಳುವ ತನಕ ಸ್ಕ್ರೂ ತಿರುಗಿಸಿದಳು. ಚೆನ್ನಯ ಮಾವ ಬಂದು ನೋಡಿ, "ಇದೆಂತ, ನಮ್ಮ ಗೋಡೆಗೆ ಹುಣ್ಣಿಮೆ ಬಂತಲ್ಲ" ಎಂದ. ಅವನ ಬಾಯಿಂದ ಅದು ದೊಡ್ಡ ಹೊಗಳಿಕೆ.

ಮರುದಿನ ಮಳೆ ಬಿಟ್ಟಿತ್ತು. ಪವಾಯಿಯ ತಿರುವಿನಲ್ಲಿ ಶೆಟ್ಟರು ಸ್ವಿಚ್ಚು ಒತ್ತಿದರು.

ನೀಲಾವತಿ ಆ ರಸ್ತೆಯನ್ನು ಕತ್ತಲಲ್ಲಿ ಅಷ್ಟು ದಿನ ನೋಡಿಯೇ ಇರಲಿಲ್ಲ ಎನ್ನಬೇಕು. ಬೆಳಕು ಮಡಿ ಪಂಚೆಯಂತೆ ಉದ್ದಕ್ಕೆ ಹಾಸಿಕೊಂಡಿತು. ಮರಗಳ ಕಾಂಡಕ್ಕೆ ಬಳಿದ ಸುಣ್ಣದ ಪಟ್ಟಿಗಳು ಒಂದರ ಹಿಂದೊಂದು ಎದ್ದು ನಿಂತವು. ರಸ್ತೆಯ ಜಲ್ಲಿಯ ಒದ್ದೆ ಹೊಳಪು, ಅಂಚಿನ ಹುಲ್ಲಿನ ಎಸಳುಗಳು, ದೂರದ ಮೈಲುಗಲ್ಲು.

"ಅಪ್ಪಾ, ಮೈಲುಗಲ್ಲು ನೋಡಿ! ಅಂಕಿ ಸಹ ಕಾಣ್ತದೆ!"

"ಹೌದೌದು" ಎಂದರು ಶೆಟ್ಟರು. ಕಾರು ಮಾತ್ರ ಅದೇ ಎತ್ತಿನ ಗಾಡಿಯ ವೇಗದಲ್ಲಿತ್ತು. ಸ್ಟೀರಿಂಗನ್ನು ಎದೆಗೆ ಒತ್ತಿಕೊಂಡಂತೆ ಮುಂದಕ್ಕೆ ಬಾಗಿದ್ದರು.

"ಯಾವ ಕಡೆ ಉಂಟು ಹೇಳಿ?"

ಮೈಲುಗಲ್ಲು ಎಡಗಡೆಯಲ್ಲಿ ಹಾದು ಹಿಂದೆ ಹೋಯಿತು. ಸ್ವಲ್ಪ ಮುಂದೆ ಶೆಟ್ಟರು ಕಾರನ್ನು ಬದಿಗೆ ನಿಲ್ಲಿಸಿದರು. ಎಂಜಿನ್ನು ಗುರುಗುಟ್ಟುತ್ತಲೇ ಇತ್ತು.

ಬಲ್ಬಿನ ಮೇಲೆ, ಬಟ್ಟಲಿನ ಮೇಲೆ, ಕಲಾಯಿಯ ಮೇಲೆ ಹೊರಿಸಬಹುದಾಗಿದ್ದ ತಪ್ಪುಗಳನ್ನೆಲ್ಲ ನೀಲಾವತಿ ತಾನೇ ಒಂದೊಂದಾಗಿ ಒರೆಸಿ ತೆಗೆದಿದ್ದಳು. ಈಗ ಉಳಿದದ್ದು ಒಂದೇ. ಅದನ್ನು ಹೇಳುವ ಧೈರ್ಯ ಅವಳಿಗಿರಲಿಲ್ಲ. ಅಪ್ಪನೇ ಹೇಳಿದರು.

"ಹೋದ ವರ್ಷದಿಂದ ಹೀಗೆ ಮಗಾ. ಹಗಲು ತೊಂದರೆ ಇಲ್ಲ. ಹೊತ್ತು ಮುಳುಗಿದ ಮೇಲೆ ಎಲ್ಲ ಗಂಜಿ ನೀರಿನ ಒಳಗಿಂದ ನೋಡಿದ ಹಾಗೆ. ಎದುರು ಲಾರಿ ಬಂದ್ರೆ ಬರೀ ಬೆಳ್ಳಗೆ. ಬಲ್ಬಿನದ್ದೇ ದೋಷ ಇರಬೇಕು, ಅದೇ ಇರಲಿ ದೇವರೇ ಅಂತ..." ಆಮೇಲೆ, "ನಿನ್ನ ಬೆಳಕು ಚಂದ ಉಂಟಾ?" ಎಂದು ಕೇಳಿದರು.

"ಉಂಟಪ್ಪಾ. ತುಂಬ ಚಂದ ಉಂಟು."

"ಅಮ್ಮನಿಗೆ ಹೇಳಿದ್ರೆ ನಾಳೆಯೇ ಮಾರಿಸ್ತಾಳೆ."

"ಹೇಳದೆ ಇರ್ಲಿಕ್ಕೆ ಆಗುದಿಲ್ಲ ಅಪ್ಪಾ. ಆ ಗಾಡಿಯವ ಅವತ್ತು ಬದುಕಿದ್ದು ಹುಲ್ಲಿನಿಂದ."

ಶೆಟ್ಟರು ತಲೆ ಆಡಿಸಿದರು. ಹಿಂದಿನ ಸೀಟಿನಲ್ಲಿ ಇಡ್ಲಿ ಆರುತ್ತಿತ್ತು. ಹಾಸ್ಟೆಲಿನ ಹುಡುಗರು ತಟ್ಟೆ ಬಾರಿಸಲು ಶುರುಮಾಡಿರುತ್ತಾರೆ. ನೀಲಾವತಿಗೆ ಕಾರು ಓಡಿಸಲು ಕಲಿಸಿದ್ದವರು ಅವರೇ. ಲೈಸೆನ್ಸೂ ಮಾಡಿಸಿದ್ದರು. ಆದರೆ ಹೊತ್ತು ಮುಳುಗಿದ ಮೇಲೆ ಹೆಣ್ಣುಮಕ್ಕಳು ಸ್ಟೀರಿಂಗು ಮುಟ್ಟಬಾರದು ಎಂಬುದು ಅವರದೇ ಕಾನೂನು. ಶೆಟ್ಟರು ಬಾಗಿಲು ತೆರೆದು, ಬಾನೆಟ್ಟಿನ ಮೇಲೆ ಕೈಯೂರಿಕೊಂಡು, ಬೆಳಕಿಗೆ ಅಡ್ಡವಾಗಿ ನಿಧಾನವಾಗಿ ನಡೆದು ಅವಳ ಬದಿಗೆ ಬಂದರು. ಅವರ ನೆರಳು ರಸ್ತೆಯುದ್ದಕ್ಕೂ ಚಾಚಿ ಮರಗಳನ್ನು ಹತ್ತಿ ಇಳಿಯಿತು.

"ಸರಿ. ಆಚೆ ಸರಿ."

ಮನೆಗೆ ಹೋದ ಮೇಲೆ ಅವರೇ ರಾಜೀವಿಗೆ ಹೇಳಿದರು. ಅವಳು ಕೂಗಾಡಲಿಲ್ಲ. "ಒಂದು ವರ್ಷ ಒಬ್ಬರೇ ಹೆದರಿಕೊಂಡು ಓಡಿಸಿದ್ರಾ?" ಎಂದಷ್ಟೇ ಕೇಳಿ, ಒಳಗೆ ಹೋಗಿ ಅನ್ನಕ್ಕಿಟ್ಟಳು. ಕಣ್ಣಿನ ಡಾಕ್ಟರು ಪೊರೆ ಬಂದಿದೆ ಎಂದರು. ಬಲಿತ ಮೇಲೆ ತೆಗೆಯಬಹುದು, ಅಲ್ಲಿಯವರೆಗೆ ಕಾಯಬೇಕು. ನವರಾತ್ರಿಯಲ್ಲಿ ಕಾರಿಗೆ ಹೂವಿನ ಹಾರ ಬಿತ್ತು. ಮಾರುವ ಮಾತು ಯಾರೂ ಎತ್ತಲಿಲ್ಲ. ಗೆಳತಿಯರ ಮುಂದೆ ರಾಜೀವಿ, "ನಮ್ಮ ನೀಲು ಕತ್ತಲಲ್ಲಿ ಸಹ ಓಡಿಸ್ತಾಳೆ" ಎಂದು ಹೇಳಿಕೊಳ್ಳುವುದನ್ನು ನೀಲಾವತಿಯೇ ಒಮ್ಮೆ ಬಾಗಿಲ ಮರೆಯಿಂದ ಕೇಳಿಸಿಕೊಂಡಳು.

ಪೊರೆ ಬಲಿಯಲು ಹಿಡಿದ ಎರಡು ವರ್ಷ ಹಿಲ್‌ಮನ್ನನ್ನು ಪವಾಯಿಗೆ ಓಡಿಸಿದವಳು ಅವಳು. ಶೆಟ್ಟರು ಎಡಗಡೆ ಕುಳಿತು ಹೊಳೆಯ ಕತೆ ಹೇಳುತ್ತಿದ್ದರು. ಹೊಳೆ ಈಗ ಹೆಚ್ಚುಕಡಿಮೆ ಸಮುದ್ರವಾಗಿತ್ತು. ನಡುನಡುವೆ ಕತೆ ನಿಲ್ಲಿಸಿ, ಈಗ ಏನು ಕಾಣುತ್ತಿದೆ ಎಂದು ಕೇಳುತ್ತಿದ್ದರು. ಅವಳು ಹೇಳುತ್ತಿದ್ದಳು: ಸೈಕಲ್ಲಿನ ಮೇಲೆ ಹಾಲಿನ ಕ್ಯಾನಿನವನು, ಕಂಬಕ್ಕೆ ಒರಗಿ ನಿಂತ ಆಡು, ಕೆರೆಯ ಮೇಲಿನ ಮಂಜು.

ಒಂದು ಸಂಜೆ ಕೆರೆಯ ಬದಿಯಲ್ಲಿ ಅವಳು ತಟ್ಟನೆ ಬ್ರೇಕು ಒತ್ತಿದಳು.

"ಎಂತಾಯ್ತು?"

"ಏಡಿ ಅಪ್ಪಾ. ರಸ್ತೆ ದಾಟ್ತಾ ಉಂಟು. ಬೆಳಕು ನೋಡಿ ಮುಂಗಾಲಿನ ಕೊಂಬು ಎತ್ತಿ ನಿಂತಿದೆ, ಜಗಳಕ್ಕೆ ಬಂದ ಹಾಗೆ."

ಶೆಟ್ಟರು ಕಣ್ಣು ಕಿರಿದು ಮಾಡಿ ಗಾಜಿನ ಆಚೆ ನೋಡಿದರು. ಅವರಿಗೆ ಬೆಳ್ಳಗಿನ ಮಬ್ಬು ಬಿಟ್ಟರೆ ಬೇರೇನೂ ಕಂಡಿರಲಾರದು. ಆದರೂ ಬಹಳ ಹೊತ್ತು ನೋಡಿದರು.

"ಸಾರಿಗೆ ಆಗುವಷ್ಟು ಉಂಟಾ?"

"ಒಂದೇ ಉಂಟು. ಅದೂ ಸಣ್ಣದು."

"ಹಾಗಾದ್ರೆ ಹೋಗ್ಲಿ ಬಿಡು ಪಾಪ" ಎಂದು ಶೆಟ್ಟರು ಸೀಟಿಗೆ ಒರಗಿದರು. "ಹಾರ್ನು ಗೀರ್ನು ಹಾಕ್ಬೇಡ. ದಾಟಿದ ಮೇಲೆ ಹೇಳು."