ನಲವತ್ತೆರಡರ ಅಂಗಿ

ಹಾಲವ್ವ ಟ್ರಂಕಿನ ತಳದಿಂದ ಅಂಗಿ ತೆಗೆದು ಅಳತೆಯ ಸ್ಟಿಕರ್ ಕಿತ್ತಳು. ಜೇಬಿನಿಂದ ಹೊಟ್ಟೆಯವರೆಗೆ 42, 42 ಎಂದು ಅಚ್ಚಾಗಿದ್ದ ಪ್ಲಾಸ್ಟಿಕ್ ಪಟ್ಟಿ ಚೂರುಚೂರಾಗಿ ಕೈಗೆ ಬಂತು. ಅದರ ಅಂಟು ಮಾತ್ರ ಬಿಳಿ ಅಂಗಿಯ ಮೇಲೆ ಹಳದಿ ಗೆರೆಯಾಗಿ ಉಳಿದುಬಿಟ್ಟಿತು. ನಾಳೆ ರವಿವಾರ ತಮ್ಮ ಶಿವಪುತ್ರಪ್ಪ ಬರುವವನಿದ್ದ, ಆರು ವರ್ಷದ ಮೇಲೆ.

ಆ ಆರು ವರ್ಷಕ್ಕೆ ಕಾರಣ ಒಂದೇ ಮಧ್ಯಾಹ್ನ. ಅವ್ವ ತೀರಿಕೊಂಡ ಸುದ್ದಿ ಬಂದ ಕೂಡಲೇ ಹಾಲವ್ವ ಮುಂಬಯಿಯ ಭಾಂಡುಪಿನಿಂದ ಉಟ್ಟ ಸೀರೆಯಲ್ಲೇ ಹೊರಟಿದ್ದಳು. ರೈಲು ತಡವಾಯಿತು, ವಿಜಯಪುರದಾಚೆಯ ಊರು ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟು ಮುಗಿದಿತ್ತು. "ಒಂದು ತಾಸು ಕಾಯಾಕ ಆಗಲಿಲ್ಲೇನೋ ನಿನಗ?" ಎಂದು ನೆರೆದವರೆದುರು ತಮ್ಮನನ್ನು ಬಾಯಿಗೆ ಬಂದಂತೆ ಬೈದಳು. ಅವನೂ ಬಿಡಲಿಲ್ಲ. "ಸತ್ತ ಮ್ಯಾಲ ಓಡಿ ಬಂದಿ, ಇದ್ದಾಗ ಎಲ್ಲಿದ್ದಿ?" ಎಂದ.

ಮೂರನೇ ತಿಂಗಳಿಗೆ ನಾಗರ ಪಂಚಮಿ, ತವರಿನವರು ಬಂದು ಹೆಣ್ಣುಮಗಳನ್ನು ಕರೆದೊಯ್ಯುವ ಹಬ್ಬ. ಸಿಟ್ಟು ಎಷ್ಟಿದ್ದರೂ ತಮ್ಮ ಬಂದೇ ಬರುತ್ತಾನೆಂದು ಹಾಲವ್ವ ಸ್ಟೇಶನ್ ರಸ್ತೆಯಲ್ಲಿ ಈ ಅಂಗಿ ಕೊಂಡಳು. "ಸ್ಟಿಕರ್ ಮತ್ ನಿಕಾಲ್ನಾ ಮೌಸಿ, ನಿಕಾಲಾ ತೋ ಬದಲೀ ನಹೀ" ಎಂದಿದ್ದ ಅಂಗಡಿಯವ, ಸ್ಟಿಕರ್ ಕಿತ್ತರೆ ಬದಲಿಸಿಕೊಡುವುದಿಲ್ಲವೆಂದು. ಅಳತೆ ಹೆಚ್ಚುಕಡಿಮೆಯಾದರೆ ಬದಲಿಸಬೇಕಲ್ಲ ಎಂದು ಇವಳು ಅದನ್ನು ಮುಟ್ಟಲಿಲ್ಲ. ತಮ್ಮ ಬರಲಿಲ್ಲ. ಮರುವರ್ಷವೂ ಬರಲಿಲ್ಲ. ಅಂಗಡಿಯವನ ಮಾತನ್ನು ಮಾತ್ರ ಆರು ವರ್ಷ ಪಾಲಿಸಿದಳು. ಅಂಥ ವಿಧೇಯ ಗಿರಾಕಿ ಮುಂಬಯಿಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಗಂಡ ತೀರಿ ಹತ್ತು ವರ್ಷ, ಮಕ್ಕಳಿಲ್ಲ. ವಿಕ್ರೋಳಿಯ ಕಂಪನಿಯೊಂದರ ಕ್ಯಾಂಟೀನಿನಲ್ಲಿ ಚಪಾತಿ ಲಟ್ಟಿಸಿ ಮನೆಗೆ ಬಂದರೆ ಮಾತಾಡುವುದು ಟಿ.ವಿ. ಒಂದೇ. ಹಾಗಾಗಿ "ಡೊಂಬಿವಲಿಗೆ ಬೀಗರ ಮನಿಗೆ ಬಂದೀನಿ, ಆಯ್ತಾರ ಬರ್ಲೇನ ಯಕ್ಕಾ?" ಎಂದು ತಮ್ಮ ಫೋನು ಮಾಡಿದಾಗ ಅವಳು ಲಟ್ಟಣಿಗೆ ಬದಿಗಿಟ್ಟು ಬಾ ಎಂದಿದ್ದಳು.

ಇನ್ನೊಂದು ಅಂಗಿ ತಂದರೆ ಮುಗಿಯುತ್ತಿತ್ತು, ನಿಜ. ಆದರೆ ಅವಳಿಗೆ ಇದೇ ಅಂಗಿಯನ್ನು ಅವನ ಮೈಮೇಲೆ ನೋಡಬೇಕಿತ್ತು. ಇಷ್ಟು ವರ್ಷ ದಾರಿ ಕಾದದ್ದು ಮಾತ್ರ ಅವನಿಗೆ ಗೊತ್ತಾಗಕೂಡದು. ಹಟ ಅಂದರೆ ಹಟ.

ಬಿಸಿನೀರು, ಸೋಪು ಹಾಕಿ ತಿಕ್ಕಿದಳು. ಅಂಟು ಇನ್ನಷ್ಟು ಹರಡಿ ಬ್ರಶ್ಶಿನ ಕೂದಲನ್ನೂ ಹಿಡಿದುಕೊಂಡಿತು. ಪೇಪರಿಟ್ಟು ಇಸ್ತ್ರಿ ಮಾಡಿದಳು. ಮರಾಠಿ ಪೇಪರಿನ ಅರ್ಧ ಸುದ್ದಿ ತಿರುಗುಮುರುಗಾಗಿ ಅಂಗಿಯ ಎದೆಗೆ ಇಳಿಯಿತು. ಅಳುವುದೊಂದು ಬಾಕಿ ಇದ್ದಾಗ ಪಕ್ಕದ ಮನೆಯ ಇಂದ್ರಾಬಾಯಿ ಬಾಗಿಲಿಂದಲೇ ನೋಡಿ, "ಅಗ, ಖೋಬರೇಲ್ ಲಾವ್" ಎಂದು ಹೇಳಿ ಹೋದಳು. ಕೊಬ್ಬರಿ ಎಣ್ಣೆ ಹಚ್ಚಿ, ಅರ್ಧ ತಾಸು ಬಿಟ್ಟು ಹೆಬ್ಬೆರಳಿಂದ ತೀಡಿದರೆ ಅಂಟು ಶಾವಿಗೆಯ ಹಾಗೆ ಸುರುಳಿಯಾಗಿ ಏಳತೊಡಗಿತು. ಎಣ್ಣೆಯ ಜಿಡ್ಡಿಗೆ ಪಾತ್ರೆ ತೊಳೆಯುವ ಸೋಪು ಹಚ್ಚಿ ಎರಡು ಸಲ ಒಗೆದಳು. ಮಳೆಗಾಲ ಬೇರೆ, ಅಂಗಿಯನ್ನು ಫ್ಯಾನಿನ ಕೆಳಗೆ ಹರವಿದಳು. ಬೆಳಿಗ್ಗೆ ಗೆರೆ, ಪೇಪರಿನ ಮಸಿ ಎಲ್ಲಿತ್ತೆಂದು ಅವಳೇ ಹುಡುಕಬೇಕಾಯಿತು. ಗೆದ್ದೆ ಅಂದುಕೊಂಡಳು.

ಹನ್ನೊಂದಕ್ಕೆ ಬಾಗಿಲಲ್ಲಿ ನಿಂತವನನ್ನು ನೋಡಿ "ಯಾರು ಬೇಕಾಗಿತ್ರಿ?" ಎನ್ನುವುದರಲ್ಲಿದ್ದಳು, ಅಷ್ಟು ಸೊರಗಿದ್ದ. "ಸಕ್ಕರಿ ಬ್ಯಾನಿ ಯಕ್ಕಾ, ನಾಕ ವರ್ಷಾತು" ಎಂದ. ಅವಳಿಗೆ ಯಾರೂ ಹೇಳಿರಲಿಲ್ಲ. ಅವಳು ಮಾಡಿದ್ದ ಹೋಳಿಗೆಯಲ್ಲಿ ಒಂದು ಚೂರು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಬದಿಗೆ ಸರಿಸಿದ.

ಊಟವಾದ ಮೇಲೆ ಅಂಗಿ ಕೊಟ್ಟಳು. ತೊಟ್ಟ. ಭುಜದ ಹೊಲಿಗೆ ತೋಳಿಗೆ ಇಳಿಯಿತು.

"ದೊಡ್ಡದಾತು. ಅಂಗಡ್ಯಾಗ ಬದ್ಲಿ ಮಾಡಂಗಿಲ್ಲೇನ?"

"ಸ್ಟಿಕರ್ ಕಿತ್ತೀನಿ. ಇನ್ನ ತಗೊಳ್ಳಂಗಿಲ್ಲ."

"ನನಗ ಈಗ ಮೂವತ್ತೆಂಟು ಬರ್ತದ ಯಕ್ಕಾ. ನಿನಗರ ಹೆಂಗ ಗೊತ್ತಾಗಬೇಕು."

ಆ ಮಾತಿಗೆ ಅವಳ ಹಟವೆಲ್ಲ ಸಡಿಲಾಯಿತು. "ಅವ್ವ ಹೋದ ವರ್ಷ ಪಂಚಮಿಗೆ ತಂದಿದ್ದೆ," ಎಂದಳು. "ನೀ ಬರ್ತಿ ಅಂತ."

ಶಿವಪುತ್ರಪ್ಪ ಅಂಗಿ ತೆಗೆಯಲಿಲ್ಲ. ತೋಳು ಎರಡು ಮಡಿಕೆ ಮಡಿಸಿಕೊಂಡು ಅದರಲ್ಲೇ ಲೋಕಲ್ ರೈಲು ಹಿಡಿಯಲು ಹೊರಟ. ಪಂಚಮಿಗೆ ಕರಿಯಾಕ ಬರ್ತೀನಿ ಎಂದು ಅವನು ಅನ್ನಲಿಲ್ಲ. ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಅವನುಂಡ ತಾಟನ್ನು ತೊಳೆಯದೆ ಸಂಜೆಯವರೆಗೆ ಕೂತಳು. ಒಬ್ಬಳೇ ಇರುವುದು ಅವಳಿಗೆ ಹೊಸದಲ್ಲ; ಯಾರೋ ಬಂದು ಹೋದ ಮನೆಯಲ್ಲಿ ಒಬ್ಬಳೇ ಇರುವುದು ಮಾತ್ರ ತಡೆಯಲಾಗಲಿಲ್ಲ.

ಮರುದಿನ ಕೆಲಸ ಮುಗಿಸಿ ಅದೇ ಅಂಗಡಿಗೆ ಹೋಗಿ ಮೂವತ್ತೆಂಟರ ಬಿಳಿ ಅಂಗಿ ತೆಗೆದುಕೊಂಡಳು. ಅಂಗಡಿಯವನ ಕಣ್ಣೆದುರೇ ಉಗುರು ಸೇರಿಸಿ ಸ್ಟಿಕರನ್ನು ಪರ್ರನೆ ಎಳೆದಳು. ಹೊಸ ಅಂಟು, ಗುರುತೂ ಉಳಿಯದೆ ಬಂತು.

"ಅರೇ ಮೌಸಿ, ಅಬ್ ಬದಲೀ ನಹೀ ಹೋಗಾ!"

ಗೊತ್ತಿದ್ದೇ ಕಿತ್ತವಳು "ಮಾಲೂಮ್ ಹೈ" ಎಂದು ಅಂಗಿಯನ್ನು ಚೀಲಕ್ಕೆ ಹಾಕಿಕೊಂಡಳು. ಪಂಚಮಿಗೆ ಇನ್ನೂ ಹದಿನೆಂಟು ದಿನವಿತ್ತು. ಕರೆಯಲು ಬರುವವನ ದಾರಿ ನೋಡದೆ, ಸ್ಟೇಶನ್ನಿಗೆ ಹೋಗಿ ಊರಿನ ಟಿಕೆಟ್ ತೆಗೆಸಲು ಸಾಲಿನಲ್ಲಿ ನಿಂತಳು.