ಸಂಜೆ ಕೇಳುವ ದನಿ

ನಾಗಮಂಗಲದ ಕೃಷ್ಣಮೂರ್ತಿ ಆಚಾರ್ರ ಅಂಗಡಿಯಲ್ಲಿ ಅವರಪ್ಪನ ಕಾಲದಿಂದ ಒಂದು ನೇಮವಿತ್ತು. ಹಳೆಯ ಒಡವೆ ಕರಗಿಸಲು ತಂದವರು ಅದನ್ನು ಆಚಾರ್ರ ಅಂಗೈಯಲ್ಲಿಟ್ಟು, ಬಾಯಿಬಿಟ್ಟು ‘ಕೊಟ್ಟೆ’ ಅನ್ನಬೇಕು. ಅನ್ನದಿದ್ದರೆ ಒಡವೆ ಮೂಸೆಗೆ ಬೀಳುವುದಿಲ್ಲ. ಬೆಂಕಿ ಚಿನ್ನವನ್ನು ಕರಗಿಸುತ್ತದೆಯೇ ಹೊರತು ತೊಟ್ಟವರ ಆಸೆಯನ್ನಲ್ಲ ಎಂದು ಅವರು ನಂಬಿದ್ದರು.

ಅಂಥ ಮನೆಗೆ ಮಗಳು ಧನುಶ್ರೀ ಆನ್‌ಲೈನಿನಿಂದ ಲ್ಯಾಪ್‌ಟಾಪು ತರಿಸಿದಳು. ಯಾರೋ ಬಳಸಿ ಬಿಟ್ಟದ್ದನ್ನು ರಿಪೇರಿ ಮಾಡಿ ಅರ್ಧ ಬೆಲೆಗೆ ಮಾರುವ ಮಾಲು. ಅವಳು ಒಡವೆಯ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೆಯುವುದನ್ನು ಕಲಿತಿದ್ದಳು. ಮೈಸೂರಿನ ದೊಡ್ಡ ಅಂಗಡಿಯವರು ಒಂದು ಪದಕದ ನಮೂನೆ ಕಳಿಸು, ಒಪ್ಪಿಗೆಯಾದರೆ ಕೆಲಸ ನಿನ್ನದೇ ಅಂದಿದ್ದರು. ಕೈಕೆಲಸ ಕೇಳಿಕೊಂಡು ಬರುವವರೇ ಇಲ್ಲದ ದಿನಗಳಲ್ಲಿ ಆ ಮನೆಗೆ ಅದೊಂದೇ ದಾರಿಯಾಗಿತ್ತು.

ಬೆಳ್ಳೂರು ಕ್ರಾಸಿನಲ್ಲಿ ಮೊಬೈಲ್ ಅಂಗಡಿಯಿಟ್ಟಿದ್ದ ಸೋದರಳಿಯ ಹೇಮಂತ ಬಂದು ಯಂತ್ರವನ್ನು ಮಗುಚಿ ನೋಡಿದ. ತಳದ ನಂಬರು ಪೆಟ್ಟಿಗೆಯ ಮೇಲಿನ ನಂಬರಿಗೆ ಕೂಡಿ ಬಂತು. ಬ್ಯಾಟರಿ ಗಟ್ಟಿಯಿತ್ತು.

“ಮಾಲು ಚೆನ್ನಾಗೈತೆ ಮಾವ. ಆದ್ರೆ ಮಾರ್ದೋನು ಮೈ ತೊಳ್ದವ್ನೆ, ವಟ್ಟೆ ತೊಳ್ದಿಲ್ಲ. ಹಳೇ ಯಜಮಾನಂದೆಲ್ಲ ಅಂಗೇ ಒಳಗೇ ಅದೆ.”

“ಅಂದ್ರೆ ಕದ್ದಿದ್ದೇನ್ಲಾ?”

“ಇದ್ರೂ ಇರ್ಬೋದು. ಬ್ಯಾಡ ಅಂದ್ರೆ ವಾಪಸ್ ಕಳ್ಸಿ, ತಕ್ಕೊತಾರೆ.”

“ನಮೂನೆ ಯಾವುದ್ರಲ್ಲಿ ಬರೀಲಿ? ನಿನ್ನ ತಲೆ ಮೇಲಾ?” ಅಂದಳು ಧನುಶ್ರೀ.

ದೀಪ ಹಚ್ಚುವ ಹೊತ್ತು. ಆಚಾರ್ರು ಎಣ್ಣೆಗಿಂಡಿ ಎತ್ತಿಕೊಂಡಿದ್ದರು. ಆಗ ಯಂತ್ರ ಮಾತಾಡಿತು. ಎಳೆಗಂಡಸಿನ ದನಿ, ನೆಗಡಿಯಾದಂತೆ ತುಸು ಕಟ್ಟಿದ್ದು.

“ಅವ್ವಾ, ಮಾತ್ರೆ ತಕ್ಕೊಂಡಾ? ಮರೀಬ್ಯಾಡ ಕಣವ್ವ. ನಾ ಬತ್ತೀನಿ.”

ಆಚಾರ್ರು ಎಣ್ಣೆಗಿಂಡಿ ಕೆಳಗಿಟ್ಟರು. ಹೊರಗೆ ಯಾರದೋ ಬೈಕು ಹಾದುಹೋಯಿತು.

“ರಿಮೈಂಡರು ಮಾವ,” ಅಂದ ಹೇಮಂತ, ಯಂತ್ರವನ್ನು ತನ್ನ ಕಡೆ ಎಳೆದುಕೊಂಡು. “ಯಾರೋ ರೆಕಾರ್ಡ್ ಮಾಡಿಟ್ಟವ್ರೆ. ಒಂದ್ ಗಳಿಗೆ, ಅಳಿಸ್ಬುಡ್ತೀನಿ.”

“ಮುಟ್ಬ್ಯಾಡ,” ಅಂದರು ಆಚಾರ್ರು.

ಆಚಾರ್ರು ಚಿಕ್ಕಂದಿನಿಂದ ಭಜನೆಮನೆಯ ಕಂಬಕ್ಕೊರಗಿ ಕಾವ್ಯ ಓದುವುದನ್ನು ಕೇಳಿ ಬೆಳೆದವರು. ಓದುವವನು ಕಣ್ಣಿನಿಂದ ಓದುತ್ತಾನೋ ಎದೆಯಿಂದಲೋ ಎಂಬುದು ಅವರಿಗೆ ದನಿಯಲ್ಲೇ ತಿಳಿಯುತ್ತಿತ್ತು. ಈ ದನಿ ಎದೆಯದು. ಇದನ್ನು ಒಳಗಿಟ್ಟುಕೊಂಡ ವಸ್ತುವನ್ನು ಯಾರೂ ಮನಸಾರೆ ಮಾರಿರಲಾರರು.

ಮರುಸಂಜೆ ದನಿ ಮತ್ತೆ ಕೇಳಿತು. ಅದರ ಮರುಸಂಜೆಯೂ. ಉತ್ತರ ಸಿಗದ ಪ್ರಶ್ನೆ ಕತ್ತಲಾದ ಮೇಲೂ ಮನೆಯೊಳಗೇ ಉಳಿಯುತ್ತಿತ್ತು. ಆಚಾರ್ರು ಅನ್ನಕ್ಕೆ ಕೈಯಿಟ್ಟವರು ತಲೆಯೆತ್ತಿ ಬಾಗಿಲ ಕಡೆ ನೋಡುತ್ತಿದ್ದರು, ಬರುತ್ತೇನೆ ಅಂದವನು ಬಂದಾನು ಎಂಬಂತೆ. ಅವರು ಒಪ್ಪದೆ ಧನುಶ್ರೀ ಒಂದು ಗೆರೆಯನ್ನೂ ಎಳೆಯುವಂತಿರಲಿಲ್ಲ.

“ಕೊಟ್ಟೋರ್ನ ಕೇಳ್ಕೊಂಡೇ ಬರಾನ,” ಎಂದರು ಕೊನೆಗೆ.

ಯಂತ್ರದ ಪರದೆಯ ಮೇಲೆ ದಿಲೀಪ್ ಎಂಬ ಹೆಸರಿತ್ತು. ಹಿಂದೆ ಒಂದು ಹಾಲಿನ ಡೈರಿಯ ಚಿತ್ರ, ಡೈರಿಯ ಬೋರ್ಡಿನಲ್ಲಿ ಪಾಂಡವಪುರದ ಕಡೆಯ ಒಂದು ಹಳ್ಳಿಯ ಹೆಸರು. ತಂದೆ ಮಗಳು ಯಂತ್ರವನ್ನು ಬಟ್ಟೆಚೀಲದಲ್ಲಿಟ್ಟುಕೊಂಡು, ಎಲೆ ಅಡಿಕೆ ಕಟ್ಟಿಸಿಕೊಂಡು ಬಸ್ಸು ಹತ್ತಿದರು. ಎರಡು ಕಡೆ ಬಸ್ಸು ಬದಲಿಸಿ ಊರು ಮುಟ್ಟುವಾಗ ಹೊತ್ತಿಳಿದಿತ್ತು. ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದವರು ದಿಲೀಪನ ಮನೆ ಎಂದೊಡನೆ ಕ್ಯಾನು ಕೆಳಗಿಟ್ಟು, ಕೈ ಮಾಡಿ ತೋರಿಸಿದರು.

ದಿಲೀಪನ ತಾಯಿ ಜಯಲಕ್ಷ್ಮಮ್ಮ ಕೊಟ್ಟಿಗೆಯಲ್ಲಿ ಕರು ಬಿಡುತ್ತಿದ್ದರು. ಹಿರಿಯ ಮಗ ಸೊಸೆ ಹಾಲು ಹಾಕಲು ಹೋಗಿದ್ದರು. ಧನುಶ್ರೀ ಚೀಲದಿಂದ ತೆಗೆದು ತೆರೆದ ಯಂತ್ರವನ್ನು ಕಂಡು ಆಕೆ ಸೆರಗಿಗೆ ಕೈ ಒರೆಸಿಕೊಂಡರು, ಹತ್ತಿರ ಬರಲಿಲ್ಲ.

“ಇದ್ಯಾಕ್ ತಂದ್ರಿ?”

“ತಾಯಿ, ನಾನು ನಾಗಮಂಗಲದ ಆಚಾರಿ. ಇದು ನಿಮ್ಮ ಮಗಂದಂತೆ. ಕದ್ದ ಮಾಲೇನೋ ಅಂತ ಅನುಮಾನ ಬಂತು.”

“ಕದ್ದಿದ್ದಲ್ಲ ಆಚಾರ್ರೆ. ನಾನೇ ಕೊಟ್ಟೆ. ಹಳೇ ಸಾಮಾನು ಕೊಳ್ಳೋನು ಬಂದಿದ್ದ, ಎತ್ಕೊಂಡೋಗಪ್ಪ ಅಂದೆ.” ಆಕೆ ಕರುವಿನ ಹಗ್ಗವನ್ನು ಬಿಗಿಯಾಗಿ ಹಿಡಿದಿದ್ದರು. “ಸಂಜೆ ಲೆಕ್ಕ ಬರೆಯಾಕೆ ಡೈರಿಗೋಗೋನು. ನಾ ಮರೀತೀನಿ ಅಂತ ಅದ್ರಲ್ಲಿ ಯೋಳಿಟ್ಟಿದ್ದ. ಒಂದಿನ ಡೈರಿಯಿಂದ ಬರೋವಾಗ ಲಾರಿ ಗುದ್ತು. ಅವನ್ನ ಮಣ್ಣು ಮಾಡಿ ಬಂದ್ ಸಂಜೇಲೂ ಅದು ಕೂಗ್ತು. ‘ನಾ ಬತ್ತೀನಿ’ ಅಂತು.”

ಆಚಾರ್ರಿಗೆ ಈಗ ಹೊಳೆಯಿತು. ಯಾವ ದನಿಯಿಂದ ತಪ್ಪಿಸಿಕೊಳ್ಳಲು ಈ ತಾಯಿ ಯಂತ್ರವನ್ನು ಹೊರಗೆ ಹಾಕಿದ್ದರೋ ಅದನ್ನು, ನೇಮ ನೇಮ ಎಂದು, ತಾವೇ ಹೊತ್ತು ತಂದು ಆಕೆಯ ಅಂಗಳದಲ್ಲಿಟ್ಟಿದ್ದರು. ಅದೂ ಸಂಜೆಯ ಹೊತ್ತಿಗೆ.

“ಧನು, ಮುಚ್ಚವ್ವ ಅದನ್ನ,” ಅಂದರು. ಅಷ್ಟರಲ್ಲಿ ದನಿ ಬಂತು.

“ಅವ್ವಾ, ಮಾತ್ರೆ ತಕ್ಕೊಂಡಾ?”

ಕೊಟ್ಟಿಗೆಯ ದನಗಳು ಕಿವಿ ನಿಮಿರಿಸಿ ಈ ಕಡೆ ತಿರುಗಿದವು. ಜಯಲಕ್ಷ್ಮಮ್ಮ ಹಗ್ಗ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು.

“ಇಲ್ಲ ಕಣ್ ಮಗ,” ಅಂದರು. “ನೀ ಕೇಳೋದ್ ನಿಂತ್ ಮ್ಯಾಲೆ ತಕ್ಕೊಂಡೇ ಇಲ್ಲ.”

ಧನುಶ್ರೀ ಯಂತ್ರವನ್ನು ಎದೆಗವುಚಿಕೊಂಡು ನಿಂತಳು. “ಅಳಿಸ್ಬುಡ್ಲಾ ಅವ್ವ?”

“ಅಳ್ಸು ಅನ್ನಾಕೂ ಬಾಯ್ ಬರಾಕಿಲ್ಲ, ಇರ್ಲಿ ಅನ್ನಾಕೂ ಬರಾಕಿಲ್ಲ. ನಂಗೆ ಕೇಳುಸ್ದಂಗೆ ಎಲ್ಲಾದ್ರೂ ಇರ್ಲಿ. ನಿನ್ ಕೆಲ್ಸಕ್ಕಾಗೋದಾದ್ರೆ ಮಡೀಕೊ ಕಣವ್ವ, ನಾ ಕೊಟ್ಟಾಯ್ತು.”

ಹೊರಡುವ ಮುಂಚೆ ಆಚಾರ್ರು ಆಕೆಯ ಫೋನ್ ನಂಬರು ಕೇಳಿ ತೆಗೆದುಕೊಂಡರು.

ಪದಕದ ನಮೂನೆ ಮೈಸೂರಿಗೆ ಹೋಯಿತು, ಒಪ್ಪಿಗೆಯೂ ಆಯಿತು. ಧನುಶ್ರೀ ಅದರಲ್ಲೇ ಕೆಲಸ ಮಾಡಿದಳು, ದನಿಯನ್ನು ಅಳಿಸಲಿಲ್ಲ. ಸಂಜೆಯಾಗುತ್ತಲೇ ಆಚಾರ್ರು ಚಿಮಟ ಕೆಳಗಿಟ್ಟು ಫೋನು ಮಾಡುವರು. “ಮಾತ್ರೆ ತಕ್ಕೊಂಡ್ರಾ ತಾಯಿ?” “ಊಂ, ಈಗ ನುಂಗ್ದೆ ಆಚಾರ್ರೆ.” ಆಮೇಲೆ ಯಂತ್ರ ಕೇಳಿದಾಗ, “ತಕ್ಕೊಂಡ್ರು ಕಣಪ್ಪ,” ಎನ್ನುವರು. ಸುಳ್ಳು ಹೇಳಿದಂತಾಗಬಾರದಲ್ಲ. ಹೇಮಂತ ನಕ್ಕ. ಆಮೇಲೆ ಒಂದು ಸಂಜೆ ಅಲ್ಲೇ ಕೂತು ಕೇಳಿದ, ಮತ್ತೆ ನಗಲಿಲ್ಲ.

ಆಷಾಢದಲ್ಲೊಂದು ದಿನ ಗಾಳಿ ಜೋರಿತ್ತು. ಆಚಾರ್ರು ಫೋನು ಮಾಡಿದರು. ಅದು ಪಾಂಡವಪುರದ ಕಡೆ ಬಡಿದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು. ಕಿವಿಯಲ್ಲಿ ಆ ಸದ್ದು ಇದ್ದಂತೆಯೇ ಬೆನ್ನ ಹಿಂದೆ ದನಿ ಎದ್ದಿತು.

“ಅವ್ವಾ, ಮಾತ್ರೆ ತಕ್ಕೊಂಡಾ?”

ಮಗಳು ತಂದೆಯ ಮುಖ ನೋಡಿದಳು. ಆಚಾರ್ರು ಫೋನನ್ನು ಕಿವಿಯಿಂದ ತೆಗೆಯದೆ ಯಂತ್ರದ ಕಡೆ ತಿರುಗಿದರು.

“ತಾಳಪ್ಪ,” ಅಂದರು. “ಇನ್ನೂ ಎತ್ತಿಲ್ಲ.”